ದೂರಿಲ್ಲದ ಪ್ರಾರ್ಥನೆ

ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟ ಹತ್ತುವಾಗ ನಮ್ಮೆಲ್ಲರ ಮನಸ್ಸಲ್ಲೂ ಒಂದು ಪಟ್ಟಿ ಇರುತ್ತೆ: ಮಗಳ ಮದುವೆ, ತೀರದ ಸಾಲ, ಬೋರ್‌ವೆಲ್‌ಗೆ ನೀರು. ತಪ್ಪೇನಿಲ್ಲ, ಅವನನ್ನಲ್ಲದೆ ಇನ್ಯಾರನ್ನ ಕೇಳೋಣ?

ಆದರೆ ಇಲ್ಲೇ ಪಕ್ಕದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ಬೇರೆ ಥರ ಪ್ರಾರ್ಥಿಸಿದರು. ಹೆಂಡತಿಯನ್ನು ಬೇಗ ಕಳೆದುಕೊಂಡು ಮಕ್ಕಳನ್ನು ಸಾಕಿದವರು, ವೆಲ್ಲೂರಿನ ಜೈಲು ಕಂಡವರು. ಅವರು ತಮಿಳಿನಲ್ಲಿ ಬರೆದು, ಎಂ.ಎಸ್. ಸುಬ್ಬುಲಕ್ಷ್ಮಿ ಮನೆಮನೆಗೆ ಮುಟ್ಟಿಸಿದ ‘ಕುರೈ ಒನ್ರುಂ ಇಲ್ಲೈ’ ಹಾಡಿನಲ್ಲಿ ಗೋವಿಂದನ ಮೇಲೆ ಒಂದು ದೂರೂ ಇಲ್ಲ.

ನೋವೇ ಕಾಣದವರು ಹಾಗೆ ಹಾಡಿದ್ದರೆ ನಾನು ನಂಬುತ್ತಿರಲಿಲ್ಲ. ಹರಕೆ ತೀರಿಸೋಕೆ ಕೃತಜ್ಞತೆ ಸಾಕು. ಕಷ್ಟ ಇನ್ನೂ ಮನೆಯಲ್ಲೇ ಕೂತಿರುವಾಗ ಕೈಮುಗಿಯೋಕೆ ಧೈರ್ಯ ಬೇಕು.