ಬಾಣಂತಿಯ ಮಗ್ಗುಲಿನ ತೊಟ್ಟಿಲು: ಅಮಾನತ್ ಮತ್ತು ಆಡಂಬರ

ಸಂತಾನವು ಅಲ್ಲಾಹನ ಕೊಡುಗೆ. ಅದು ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ ಕೂಡ ಹೌದು. ಮಗುವಿಗೆ ಒಳ್ಳೆಯ ಹೆಸರಿಡುವುದು, ಏಳನೆಯ ದಿನ ಅಕೀಕಾ ನೆರವೇರಿಸುವುದು, ತಲೆಗೂದಲು ತೆಗೆಸಿ ಅದರ ತೂಕದಷ್ಟು ಬೆಳ್ಳಿಯನ್ನು ದಾನ ಮಾಡುವುದು ಇತ್ಯಾದಿಗಳ ಕುರಿತು ನಮ್ಮ ಮಸೀದಿಗಳಲ್ಲಿ ಪ್ರವಚನಗಳು ನಡೆಯುತ್ತವೆ. ಆದರೆ ಆ ಮಗು ರಾತ್ರಿ ಎಲ್ಲಿ ಮಲಗಬೇಕು, ಯಾವುದರ ಮೇಲೆ ಮಲಗಬೇಕು ಎಂಬ ಪ್ರಶ್ನೆಯನ್ನು ಹೆಂಗಸರ ಮಾತೆಂದು ಬದಿಗೆ ಸರಿಸುತ್ತೇವೆ. ಹಸುಗೂಸು ದಿನದ ಬಹುಭಾಗವನ್ನು ನಿದ್ದೆಯಲ್ಲೇ ಕಳೆಯುತ್ತದೆ. ಪ್ರತಿಯೊಬ್ಬನೂ ತನ್ನ ಅಧೀನದಲ್ಲಿರುವವರ ಬಗ್ಗೆ ಹೊಣೆಗಾರನಾಗಿದ್ದಾನೆ ಎಂದು ಪ್ರವಾದಿ ಮುಹಮ್ಮದ್(ಸ) ಕಲಿಸಿರುವಾಗ, ಆ ನಿದ್ದೆಯ ಕಾವಲೂ ಆ ಹೊಣೆಯೊಳಗೇ ಬರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ಈ ಐದೂ ತಾಲೂಕುಗಳಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ರೂಢಿ. ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಡುವಾಗ ತೊಟ್ಟಿಲನ್ನೂ ತವರಿನವರೇ ಕೊಟ್ಟು ಕಳಿಸಬೇಕೆಂಬ ನಿರೀಕ್ಷೆಯೂ ಅಷ್ಟೇ ಹಳೆಯದು. ನಮ್ಮ ಮನೆ ಚಿಕ್ಕೋಡಿಯಲ್ಲಿ, ಬೀಗರ ಮನೆ ಅಥಣಿಯಲ್ಲಿ. ಮಗಳಿಗೆ ಏಳು ತಿಂಗಳು ತುಂಬಿದಾಗ ಮನೆಯಲ್ಲಿ ತೊಟ್ಟಿಲಿನ ಮಾತು ಎದ್ದಿತು. ಬೀಗರು ಏನನ್ನೂ ಕೇಳಿರಲಿಲ್ಲ. ಆದರೂ ನಾಲ್ಕು ಜನ ನೋಡುತ್ತಾರೆ ಎಂಬ ಅಂಜಿಕೆ ನಮ್ಮನ್ನು ಬಿಡಲಿಲ್ಲ. ತಾಯಿಯ ಮಂಚಕ್ಕೆ ಆನಿಸಿ ನಿಲ್ಲಿಸುವ, ಒಂದು ಬದಿ ಕೆಳಗಿಳಿಯುವ ಹೊಸ ಮಾದರಿಯ ತೊಟ್ಟಿಲುಗಳನ್ನು ಮಗಳು ಮೊಬೈಲಿನಲ್ಲಿ ತೋರಿಸಿದಳು. ವೈದ್ಯರ ಭೇಟಿಗೆಂದು ಮಿರಜಿಗೆ ಹೋದಾಗ ಅಂಗಡಿಯಲ್ಲೂ ನೋಡಿ ಬಂದೆವು. ಬೆಲೆ ಹತ್ತು ಸಾವಿರದ ಆಚೀಚೆ. ಕೈಯಲ್ಲಿ ಅಷ್ಟಿಲ್ಲದವರಿಗೆ ತಿಂಗಳ ಕಂತಿನ ಸೌಲಭ್ಯವಿದೆ ಎಂದು ಅಂಗಡಿಯವರು ಹೇಳಿದರು. ಕಂತಿಗೆ ಬಡ್ಡಿಯೂ ಇತ್ತು.

ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ನಿಪ್ಪಾಣಿಯಲ್ಲಿ ನಮ್ಮ ಎಷ್ಟೋ ಸಹೋದರಿಯರು ಬೀಡಿ ಕಟ್ಟಿ ಮನೆ ನಡೆಸುತ್ತಾರೆ. ಸಾವಿರ ಬೀಡಿಗೆ ಇಷ್ಟೆಂದು ಕೂಲಿ ಎಣಿಸುವ ಕೈಗಳು ಅವು. ಕಬ್ಬಿನ ಹಂಗಾಮಿನ ಕೂಲಿ, ಕಿರಾಣಿ ಅಂಗಡಿ, ಗ್ಯಾರೇಜಿನ ಕೆಲಸ - ಉಳಿದ ಮನೆಗಳ ಆದಾಯವೂ ಹೀಗೆಯೇ. ಕಿರುಸಾಲದ ವಸೂಲಿಯ ಕಿರುಕುಳವನ್ನು ತಡೆಯಲು 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಅಂತಹ ಸಾಲಗಳಲ್ಲಿ ಮದುವೆಯದು ಎಷ್ಟು, ಬಾಣಂತನದ್ದು ಎಷ್ಟು ಎಂಬುದು ಆಯಾ ಮನೆಯವರಿಗೆ ಗೊತ್ತು. ಹಾಲೂಡಿಸುವ ತಾಯಿಯ ಖರ್ಚಿನ ವಿಷಯವನ್ನು ಹೇಳುವ ಸಂದರ್ಭದಲ್ಲೇ ಪವಿತ್ರ ಕುರ್‌ಆನ್ (65:7), ಸ್ಥಿತಿವಂತನು ತನ್ನ ಸ್ಥಿತಿಗೆ ತಕ್ಕಂತೆಯೂ ಕಡಿಮೆ ಉಳ್ಳವನು ತನಗೆ ಅಲ್ಲಾಹನು ಕೊಟ್ಟದ್ದರಿಂದಲೂ ಖರ್ಚು ಮಾಡಲಿ, ಕೊಟ್ಟದ್ದಕ್ಕಿಂತ ಹೆಚ್ಚಿನ ಭಾರವನ್ನು ಅಲ್ಲಾಹನು ಯಾರ ಮೇಲೂ ಹೊರಿಸುವುದಿಲ್ಲ ಎಂದು ತಿಳಿಸುತ್ತದೆ. ಅಲ್ಲಾಹನು ಹೊರಿಸದ ಭಾರವನ್ನು ನಾಲ್ಕು ಜನರ ಕಣ್ಣಿಗಾಗಿ ನಾವೇ ಹೊತ್ತುಕೊಳ್ಳುವುದು, ಅದೂ ಬಡ್ಡಿಯ ಮೂಲಕ, ಎಂತಹ ವಿಪರ್ಯಾಸ! ಮಗುವಿನ ಮೊದಲ ಹಾಸಿಗೆಯೇ ಹರಾಮಿನ ವ್ಯವಹಾರದಿಂದ ಆರಂಭವಾಗುವುದು ನಮಗೆ ಒಪ್ಪಿಗೆಯಾಗಲಿಲ್ಲ.

ಹಾಗಾದರೆ ಅಗ್ಗದ್ದನ್ನು ಕೊಂಡು ಮಗುವಿನ ಸುರಕ್ಷತೆಯಲ್ಲಿ ಜಿಪುಣತನ ತೋರಬೇಕೇ? ಖಂಡಿತ ಇಲ್ಲ. ದುಂದುವೆಚ್ಚವೂ ಅಲ್ಲದ, ಜಿಪುಣತನವೂ ಅಲ್ಲದ ನಡುವಿನ ಹಾದಿಯೇ ಕರುಣಾಮಯನ ದಾಸರ ಲಕ್ಷಣವೆಂದು ಸೂರಾ ಫುರ್ಕಾನ್ (25:67) ಕಲಿಸುತ್ತದೆ. ಆ ನಡುವಿನ ಹಾದಿ ಸಿಗಬೇಕಾದರೆ, ಮಗುವಿನ ನಿದ್ದೆಗೆ ನಿಜವಾಗಿ ಏನು ಬೇಕು ಎಂಬುದನ್ನು ಮೊದಲು ತಿಳಿಯಬೇಕು.

ಮಕ್ಕಳ ವೈದ್ಯರು ಹೇಳುವುದು ಸರಳವಾಗಿದೆ. ಮಗುವನ್ನು ಪ್ರತಿ ನಿದ್ದೆಗೂ ಅಂಗಾತ ಮಲಗಿಸಬೇಕು. ಮೈಕೆಳಗಿನದು ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು. ಸುತ್ತ ದಿಂಬು, ಗೊಂಬೆ, ಸಡಿಲ ಹೊದಿಕೆ ಇರಬಾರದು. ಕನಿಷ್ಠ ಮೊದಲ ಆರು ತಿಂಗಳು ಮಗು ತಾಯಿಯ ಕೋಣೆಯಲ್ಲೇ, ಅವಳ ಕೈಗೆಟುಕುವಷ್ಟು ಹತ್ತಿರ, ಆದರೆ ತನ್ನದೇ ಪ್ರತ್ಯೇಕ ಹಾಸಿಗೆಯ ಮೇಲೆ ಮಲಗಬೇಕು. ದಣಿದ ತಾಯಿ ಗಾಢ ನಿದ್ದೆಗೆ ಜಾರಿದಾಗ ಅವಳ ತೋಳೋ ಹೊದಿಕೆಯೋ ಮಗುವಿನ ಉಸಿರನ್ನು ತಡೆಯಬಾರದೆಂಬುದೇ ಇದರ ಉದ್ದೇಶ. ಹಾಲೂಡಿಸಿದ ಮೇಲೆ ಮಗುವನ್ನು ಅದರ ಜಾಗಕ್ಕೆ ಮರಳಿಸಲು ತಾಯಿ ಏಳುವ ಅಗತ್ಯವೇ ಬೀಳದಂತೆ ಮಗ್ಗುಲಿನ ತೊಟ್ಟಿಲು ನೆರವಾಗುತ್ತದೆ. ಅಮೆರಿಕದಲ್ಲಿ 1994ರಿಂದ ಅಂಗಾತ ಮಲಗಿಸುವ ಬಗ್ಗೆ ದೊಡ್ಡ ಪ್ರಚಾರ ನಡೆದ ಮೇಲೆ, ನಿದ್ದೆಯಲ್ಲಿ ಕಾರಣ ತಿಳಿಯದೆ ಸಾಯುವ ಶಿಶುಗಳ ಪ್ರಮಾಣ ಕೆಲವೇ ವರ್ಷಗಳಲ್ಲಿ ಸುಮಾರು ಅರ್ಧಕ್ಕೆ ಇಳಿಯಿತು. ಅದಕ್ಕೆ ಯಾರೂ ಒಂದು ಕಾಸಿನ ಸಾಮಾನು ಕೊಳ್ಳಬೇಕಾಗಿರಲಿಲ್ಲ.

ದುಬಾರಿಯಾದದ್ದೆಲ್ಲ ಸುರಕ್ಷಿತ ಎಂಬ ನಂಬಿಕೆಯೂ ಸರಿಯಲ್ಲ. ತಲೆಯ ಕಡೆ ಎತ್ತರವಾಗಿ ಇಳಿಜಾರಾಗಿದ್ದ, ಬಹಳ ಜನಪ್ರಿಯವಾಗಿದ್ದ ಒಂದು ಬಗೆಯ ತೊಟ್ಟಿಲನ್ನು 2019ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ಮೂವತ್ತಕ್ಕೂ ಹೆಚ್ಚು ಶಿಶುಗಳ ಸಾವಿನ ವರದಿಯ ನಂತರ ಹೀಗೆ ಹಿಂದಕ್ಕೆ ಪಡೆದ ತೊಟ್ಟಿಲುಗಳ ಸಂಖ್ಯೆ ಸುಮಾರು 47 ಲಕ್ಷ. 2022ರಲ್ಲಿ ಅಂತಹ ಇಳಿಜಾರು ಹಾಸಿಗೆಗಳ ಮಾರಾಟವನ್ನೇ ಅಲ್ಲಿ ಕಾನೂನಿನಿಂದ ನಿಷೇಧಿಸಲಾಯಿತು. ಇಳಿಜಾರಿನಲ್ಲಿ ಮಗುವಿನ ಗದ್ದ ಎದೆಗೆ ಬಾಗಿ ಉಸಿರಿನ ದಾರಿ ಕಿರಿದಾಗುತ್ತದೆ.

ಇದೇ ಮಾತು ನಮ್ಮ ಮನೆಗಳ ಜೋಳಿಗೆಗೂ ಅನ್ವಯಿಸುತ್ತದೆ. ಕಬ್ಬು ಕಡಿಯಲು ಬಂದ ತಾಯಂದಿರು ಗಿಡದ ಟೊಂಗೆಗೆ ಸೀರೆ ಕಟ್ಟಿ ಮಗುವನ್ನು ತೂಗುವುದನ್ನು ನಾವೆಲ್ಲ ನೋಡಿದ್ದೇವೆ. ಅಳುವ ಮಗುವನ್ನು ಸಂತೈಸಲು, ಹಗಲು ಹೊತ್ತಿನಲ್ಲಿ ಕಣ್ಣೆದುರು ತೂಗಲು ಅದು ನೆರವಾಗಬಹುದು. ಆದರೆ ಬಟ್ಟೆಯೊಳಗೆ ಮಗುವಿನ ಬೆನ್ನು ಬಾಗುತ್ತದೆ, ಮುಖಕ್ಕೆ ಬಟ್ಟೆ ಅಂಟುತ್ತದೆ. ರಾತ್ರಿಯಿಡೀ ಕಾವಲಿಲ್ಲದೆ ಮಲಗಿಸುವ ಜಾಗ ಅದಲ್ಲ. ತಲೆ ದುಂಡಗಾಗಲೆಂದು ಇಡುವ ಸಾಸಿವೆಯ ದಿಂಬನ್ನೂ ನಿದ್ದೆಯ ಹೊತ್ತಿಗೆ ತೆಗೆದಿಡಬೇಕು. ಅಜ್ಜಿ ಹೊಲಿದ ಕೌದಿ ಪ್ರೀತಿಯದೇ. ಅದನ್ನು ಮಡಿಸಿ ಮೆತ್ತಗೆ ಹಾಸುವುದಾಗಲಿ ಮಗುವಿನ ಮೇಲೆ ದಪ್ಪಗೆ ಹೊದಿಸುವುದಾಗಲಿ ಬೇಡ.

ಇಷ್ಟನ್ನು ತಿಳಿದ ಮೇಲೆ ನಾವು ನಮ್ಮ ಓಣಿಯ ಬಡಿಗರ ಬಳಿಗೆ ಹೋದೆವು. ಮೂರು ಅಡಿ ಉದ್ದ, ಎರಡು ಅಡಿ ಅಗಲದ, ನಾಲ್ಕೂ ಬದಿ ಮುಚ್ಚಿದ, ತೂಗಾಡದ, ಗಟ್ಟಿ ಕಾಲುಗಳ ತೊಟ್ಟಿಲು ಬೇಕೆಂದೆವು. ಒಂದು ಬದಿ ತೆರೆದಿರುವ ಮಾದರಿಯನ್ನು ಕೈಬಿಟ್ಟದ್ದಕ್ಕೆ ಕಾರಣವಿತ್ತು. ಅದನ್ನು ತಾಯಿಯ ಮಂಚಕ್ಕೆ ಪಟ್ಟಿಯಿಂದ ಬಿಗಿಯಬೇಕು, ಎರಡೂ ಹಾಸಿಗೆಗಳು ಸಮ ಎತ್ತರದಲ್ಲಿರಬೇಕು, ನಡುವೆ ಒಂದಿಷ್ಟೂ ಸಂದು ಉಳಿಯಬಾರದು. ನಮ್ಮ ಮನೆಗಳ ಮಂಚಗಳು, ಹೊರಸುಗಳು ಒಂದೊಂದು ಎತ್ತರದವು; ಆ ಸಂದಿನಲ್ಲಿ ಮಗು ಸಿಕ್ಕಿಕೊಂಡರೆ ಅನಾಹುತವಾದೀತು. ನಾಲ್ಕೂ ಬದಿ ಮುಚ್ಚಿದ್ದನ್ನು ಮಂಚದ ಪಕ್ಕಕ್ಕೆ ಇಟ್ಟರೆ ತಾಯಿ ಕೈ ಚಾಚಿ ಮುಟ್ಟಬಹುದು. ಆ ಭಯವೂ ಇಲ್ಲ. ನೆಲದ ಮೇಲೆ ಮಲಗುವ ಮನೆಗಳಲ್ಲಿ ಇದೇ ತೊಟ್ಟಿಲನ್ನು ಗಿಡ್ಡ ಕಾಲಿನದಾಗಿ ಮಾಡಿಸಿಕೊಳ್ಳಬಹುದು.

"ಪಟ್ಟಿಗಳ ನಡುವೆ ಎಷ್ಟು ಸಂದು ಬಿಡ್ಲಿರಿ?" ಎಂದು ಬಡಿಗರು ಕೇಳಿದರು. ಆರು ಸೆಂಟಿಮೀಟರಿಗಿಂತ ಹೆಚ್ಚು ಸಂದಿದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು. ಆದ್ದರಿಂದ ಮೂರು ಬೆರಳಿನ ಅಗಲ ಮೀರಬಾರದೆಂದು ಹೇಳಿದೆವು. ತೇಗದ ಬದಲು ಬೇವಿನ ಕಟ್ಟಿಗೆ ಆರಿಸಿದೆವು. ಬಣ್ಣ ಬೇಡವೆಂದೆವು, ಉಜ್ಜಿ ನುಣುಪು ಮಾಡಿದರೆ ಸಾಕೆಂದೆವು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಿಂದಿನ ಬಣ್ಣದ ತೊಟ್ಟಿಲುಗಳು ಮನೆಯ ಅಟ್ಟದ ಮೇಲಿದ್ದರೆ, ಮಗು ಕಟಕಟೆ ಕಚ್ಚುವ ವಯಸ್ಸಿಗೆ ಬರುವ ಮೊದಲೇ ಎಚ್ಚರ ವಹಿಸಬೇಕು.

ಗಾದಿಯನ್ನು ನಮ್ಮ ನದಾಫ್ ಸಹೋದರರಿಂದ ಮಾಡಿಸಿದೆವು. ಹೊಸ ಹತ್ತಿಯ ಗಾದಿ ಉಬ್ಬಿ ಮೆತ್ತಗಿರುತ್ತದೆ; ದೊಡ್ಡವರಿಗೆ ಅದು ಸುಖ, ಹಸುಗೂಸಿಗೆ ಅಪಾಯ. ಆದ್ದರಿಂದ ತೆಳ್ಳಗೆ, ಒತ್ತಿ ತುಂಬಿ, ಒತ್ತೊತ್ತಾಗಿ ಹೊಲಿಗೆ ಹಾಕಲು ಕೇಳಿಕೊಂಡೆವು. ಅಂಗೈಯಿಂದ ಒತ್ತಿ ಕೈ ತೆಗೆದಾಗ ತಗ್ಗು ಉಳಿಯಬಾರದು. ಗಾದಿಗೂ ಕಟ್ಟಿಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ತೂರಬಾರದು. ಕಟ್ಟಿಗೆ, ಕೂಲಿ, ಗಾದಿ ಎಲ್ಲ ಸೇರಿ ಅಂಗಡಿಯ ಬೆಲೆಯ ಮೂರನೆಯ ಒಂದು ಪಾಲಿನೊಳಗೆ ಮುಗಿಯಿತು. ಕಂತೂ ಇಲ್ಲ, ಬಡ್ಡಿಯೂ ಇಲ್ಲ. ಪ್ರವಾದಿವರ್ಯರ(ಸ) ಹಾಸಿಗೆಯು ಖರ್ಜೂರದ ನಾರು ತುಂಬಿದ ತೊಗಲಿನದಾಗಿತ್ತೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಮನೆಯಲ್ಲಿ ಅಗತ್ಯ ಮೀರಿದ ಹಾಸಿಗೆಯು ಶೈತಾನನ ಪಾಲಿನದೆಂಬ ಎಚ್ಚರಿಕೆಯೂ ಸಹೀಹ್ ಮುಸ್ಲಿಮ್‌ನಲ್ಲಿದೆ.

ತೊಟ್ಟಿಲು ಒಳ್ಳೆಯದಾದರೆ ಸಾಲದು, ಅದನ್ನಿಡುವ ಜಾಗವೂ ಒಳ್ಳೆಯದಾಗಿರಬೇಕು. ಬೀಡಿ ಕಟ್ಟುವ ಮನೆಗಳಲ್ಲಿ ತಂಬಾಕಿನ ಮೊರ ಮತ್ತು ಮಗುವಿನ ಹಾಸಿಗೆ ಒಂದೇ ಕೋಣೆಯಲ್ಲಿ ಇರದಂತೆ ನೋಡಿಕೊಳ್ಳಬೇಕು. ಮನೆಯಲ್ಲಿ ಧೂಮಪಾನವಂತೂ ಬೇಡವೇ ಬೇಡ. ನಿದ್ದೆಯಲ್ಲಿ ಶಿಶು ಸಾಯುವ ಅಪಾಯವನ್ನು ಅದು ಹೆಚ್ಚಿಸುತ್ತದೆ. ಬಾಣಂತಿಗೆ ಕಾಸಲು ಇಡುವ ಕೆಂಡದ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬಾರದು. ಅದರ ವಿಷಗಾಳಿ ತಾಯಿ ಮಗು ಇಬ್ಬರನ್ನೂ ಬಲಿ ತೆಗೆದುಕೊಳ್ಳಬಲ್ಲದು. ಹೊಳೆ ಕಾಲುವೆಗಳ ನಾಡಿನಲ್ಲಿ ಸೊಳ್ಳೆಪರದೆ ಅಗತ್ಯ. ಅದು ಬಿಗಿಯಾಗಿರಲಿ, ಮಗುವಿನ ಮುಖದ ಮೇಲೆ ಜೋತು ಬೀಳದಿರಲಿ. ಕೊರಳಿಗೆ ಯಾವ ದಾರವನ್ನೂ ಕಟ್ಟುವುದು ಬೇಡ. ನಿದ್ದೆಯಲ್ಲಿ ಅದು ಉರುಳಾಗಬಹುದು. ಪ್ರವಾದಿವರ್ಯರು(ಸ) ತಮ್ಮ ಮೊಮ್ಮಕ್ಕಳಾದ ಹಸನ್(ರ) ಮತ್ತು ಹುಸೈನ್(ರ) ಅವರಿಗಾಗಿ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಆ ಪ್ರಾರ್ಥನೆಯನ್ನು ಕಲಿತು ಪ್ರತಿ ರಾತ್ರಿ ಹೇಳೋಣ.

ತೊಟ್ಟಿಲು ಅಥಣಿಗೆ ಹೋದ ದಿನ ಬಂಧುಗಳಲ್ಲಿ ಒಬ್ಬರು, "ಚೊಚ್ಚಲ ಮೊಮ್ಮಗಳಿಗೆ ಇಷ್ಟೇನಾ?" ಎಂದರು. ನಮ್ಮ ಮುಖ ಕೆಂಪೇರಿತು. ಉತ್ತರ ಕೊಟ್ಟವರು ಬೀಗರು: "ಕೂಸು ಆರಾಮ ಮಲಗಿದ್ರ ಸಾಕ್ರಿ. ಕಟ್ಟಿಗಿ ಬೆಲೆ ಕೇಳಾಕ ಅದಕ್ಕ ಬಾಯಿ ಬಂದಿಲ್ಲ." ಗಂಡಿನ ಕಡೆಯ ಹಿರಿಯರೊಬ್ಬರ ಇಂತಹ ಒಂದು ಮಾತು ಎಷ್ಟು ತಂದೆತಾಯಿಯರ ಸಾಲವನ್ನು ತಪ್ಪಿಸಬಲ್ಲದು! ಆದ್ದರಿಂದ ಈ ಬರಹದ ವಿನಂತಿಯು ಹೆಣ್ಣು ಕೊಟ್ಟವರಿಗಿಂತ ಹೆಚ್ಚಾಗಿ ಹೆಣ್ಣು ತಂದವರಿಗೆ. ಮಗುವಿನ ಮತ್ತು ಅದರ ತಾಯಿಯ ಖರ್ಚು ತಂದೆಯ ಹೊಣೆಯೆಂದು ಕುರ್‌ಆನ್ (2:233) ಸ್ಪಷ್ಟಪಡಿಸಿರುವಾಗ, ತೊಟ್ಟಿಲನ್ನು ತವರಿನಿಂದ ನಿರೀಕ್ಷಿಸುವುದು ಯಾವ ನ್ಯಾಯ? ಅಜ್ಜ ಅಜ್ಜಿ ಪ್ರೀತಿಯಿಂದ ಕೊಟ್ಟರೆ ಅದು ಉಡುಗೊರೆ. ಕೊಡಲೇಬೇಕಾದರೆ ಅದು ದಂಡ.

ಇನ್ನೊಂದು ದಾರಿಯೂ ಇದೆ. ಇಂತಹ ತೊಟ್ಟಿಲಿನ ಆಯುಷ್ಯ ಒಂದು ಮಗುವಿಗೆ ಐದಾರು ತಿಂಗಳು ಮಾತ್ರ. ಮಗು ಕೈಯೂರಿ ಏಳತೊಡಗಿದರೆ ಅದನ್ನು ಬಿಡಿಸಬೇಕು. ಆಮೇಲೆ ಅದು ಅಟ್ಟ ಸೇರುತ್ತದೆ. ಫಿನ್ಲೆಂಡ್ ದೇಶವು 1938ರಿಂದ ಬಡ ತಾಯಂದಿರಿಗೆ, 1949ರಿಂದ ಎಲ್ಲ ತಾಯಂದಿರಿಗೂ ಮಗುವಿನ ಬಟ್ಟೆಬರೆ ತುಂಬಿದ ರಟ್ಟಿನ ಪೆಟ್ಟಿಗೆಯೊಂದನ್ನು ಕೊಡುತ್ತ ಬಂದಿದೆ. ತಳದಲ್ಲಿ ಪುಟ್ಟ ಹಾಸಿಗೆಯಿರುವ ಆ ಪೆಟ್ಟಿಗೆಯೇ ಎಷ್ಟೋ ಮಕ್ಕಳ ಮೊದಲ ತೊಟ್ಟಿಲಾಯಿತು. ಒಂದು ದೇಶ ಮಾಡಿದ್ದನ್ನು ಒಂದು ಮಸೀದಿಯ ಜಮಾಅತ್ ಸಣ್ಣ ಪ್ರಮಾಣದಲ್ಲಿ ಮಾಡಲಾರದೇ? ನಾಲ್ಕೈದು ತೊಟ್ಟಿಲು ಮಾಡಿಸಿಟ್ಟು ಬಾಣಂತಿಯರ ಮನೆಗೆ ಎರವಲು ಕೊಟ್ಟು, ಮರಳಿ ಬಂದಾಗ ಮೊಳೆ, ಕೀಲು, ಪಟ್ಟಿಗಳನ್ನು ಪರೀಕ್ಷಿಸಿ, ಹೊಸ ಗಾದಿಯೊಂದಿಗೆ ಮುಂದಿನ ಮನೆಗೆ ಕಳಿಸಬಹುದು. ನಿತ್ಯಬಳಕೆಯ ಚಿಕ್ಕಪುಟ್ಟ ವಸ್ತುಗಳನ್ನು ಕೂಡ ಕೊಡದವರನ್ನು ಸೂರಾ ಮಾಊನ್ ಎಷ್ಟು ಕಠಿಣವಾಗಿ ಖಂಡಿಸಿದೆ ಎಂಬುದನ್ನು ನಾವು ನಮಾಝಿನಲ್ಲಿ ಓದುತ್ತಲೇ ಇರುತ್ತೇವೆ. ನಮ್ಮ ಮೊಮ್ಮಗಳ ತೊಟ್ಟಿಲು ಈಗ ಅಥಣಿಯಲ್ಲೇ ಬೇರೊಂದು ಮನೆಯಲ್ಲಿದೆ.

2019ರ ಮತ್ತು 2021ರ ಮಹಾಪೂರದಲ್ಲಿ ಕೃಷ್ಣೆಯ ದಂಡೆಯ ಹಳ್ಳಿಗಳ ಜನ ಕೂಸುಗಳನ್ನು ಎದೆಗವಚಿಕೊಂಡು ಪರಿಹಾರ ಕೇಂದ್ರಗಳಿಗೆ ನಡೆದದ್ದು ನಮಗೆ ಮರೆತಿಲ್ಲ. ಹೊಳೆಯ ಭಯ ಅರಿತವರಿಗೆ ಮೂಸಾರ(ಅ) ತಾಯಿಯ ವೃತ್ತಾಂತ ಬೇಗ ಅರ್ಥವಾಗುತ್ತದೆ. ಫಿರ್‌ಔನನ ಸೈನಿಕರಿಂದ ಮಗುವನ್ನು ಉಳಿಸಲು ಅಲ್ಲಾಹನು ಆಕೆಗೆ ತೋರಿಸಿದ ತೊಟ್ಟಿಲು ಒಂದು ಪೆಟ್ಟಿಗೆ. ಆಕೆ ಅಲ್ಲಾಹನ ವಾಗ್ದಾನವನ್ನು ನಂಬಿ ಮಗುವನ್ನು ಅದರಲ್ಲಿಟ್ಟು ನೀರಿಗೆ ಬಿಟ್ಟಳು. ಜೊತೆಗೆ ಅದರ ಹಿಂದೆ ಹೋಗಿ ನೋಡುತ್ತಿರಲು ಮಗಳನ್ನೂ ಕಳಿಸಿದಳು. ಭರವಸೆಯೂ ಎಚ್ಚರವೂ ಆ ತಾಯಿಯಲ್ಲಿ ಒಂದಾಗಿದ್ದವು. ಅಲ್ಲಾಹನು ಮಗುವನ್ನು ಮರಳಿ ಅವಳ ಮಡಿಲಿಗೇ ತಂದನು (28:7-13).

ನಮ್ಮ ಮನೆಗಳ ಹಸುಗೂಸುಗಳ ಪ್ರತಿ ಉಸಿರನ್ನೂ ಅಲ್ಲಾಹನು ಕಾಯಲಿ. ಅವುಗಳ ತಾಯಂದಿರಿಗೆ ನೆಮ್ಮದಿಯ ನಿದ್ದೆಯನ್ನೂ ಅಜ್ಜ ಅಜ್ಜಿಯರಿಗೆ ಸಾಲವಿಲ್ಲದ ಬಾಳನ್ನೂ ಅನುಗ್ರಹಿಸಲಿ. ಆಮೀನ್.