ಮೆಟ್ಟಿಲಿಗೊಂದು ರತ್ನಗಂಬಳಿ

ಮನೆ ಕಟ್ಟಿಸಿದವರಿಗೆ ಸಾಲದ ಚಿಂತೆಯಾದರೆ, ಅದನ್ನು ನೋಡಲು ಬಂದವರಿಗೆ ಸಲಹೆಯ ಚಿಂತೆ. ಗೃಹಪ್ರವೇಶದ ಊಟ ಮುಗಿದು ಎಲೆಯಡಿಕೆಯ ತಟ್ಟೆ ಕೈಗೆ ಬರುವ ಹೊತ್ತಿಗೆ, "ಎಲ್ಲವೂ ಚೆನ್ನಾಗಿದೆ, ಆದರೆ..." ಎಂಬ ಮಾತು ಯಾರದೋ ಬಾಯಿಂದ ಹೊರಟೇ ಹೊರಡುತ್ತದೆ. ಆ 'ಆದರೆ'ಯ ಬೆಲೆ ಎಷ್ಟೆಂಬುದು ಮನೆಯವರಿಗೆ ತಿಳಿಯುವುದು ಆಮೇಲೆ.

ಹುಣಸೂರಿನ ನೌಕರರೊಬ್ಬರ ಹೊಸ ಮನೆಯಲ್ಲಿ ಅದು ರತ್ನಗಂಬಳಿಯ ರೂಪದಲ್ಲಿ ಬಂದಿತು. ಹಜಾರದಿಂದ ಮೆಟ್ಟಿಲಿನವರೆಗೆ ಹದಿನೆಂಟು ಅಡಿ ಉದ್ದದ ಪ್ಯಾಸೇಜು. ಅಲ್ಲಿಂದ ಮಹಡಿಗೆ ಹದಿನಾರು ಮೆಟ್ಟಿಲು. ಎಲ್ಲೆಲ್ಲೂ ಮುಖ ಕಾಣುವಷ್ಟು ಹೊಳೆಯುವ ಟೈಲ್ಸು. "ಇಷ್ಟು ಖರ್ಚು ಮಾಡಿದವರು ಇದರ ಮೇಲೊಂದು ಕಂಬಳಿ ಹಾಸಿಬಿಟ್ಟರೆ ಅರಮನೆಯೇ ಸರಿ" ಎಂದರು ಬಂದವರು. ಯಜಮಾನರ ಮನಸ್ಸಿನಲ್ಲಿ ಆ ಮಾತು ಬೀಜದಂತೆ ಬಿದ್ದಿತು. ಮರುದಿನವೇ ಅವರು ಟೇಪು ಹಿಡಿದು ಅಳತೆಗೆ ಇಳಿದರು.

ಮೆಟ್ಟಿಲನ್ನು ಅಳೆಯುವುದು ಕಂಡಷ್ಟು ಸುಲಭವಲ್ಲ. ಕಾಲಿಡುವ ಜಾಗ ಹತ್ತು ಅಂಗುಲ; ಹದಿನಾರು ಮೆಟ್ಟಿಲಿಗೆ ಹದಿಮೂರು ಅಡಿ ನಾಲ್ಕು ಅಂಗುಲ. ನಡುವೆ ತಿರುವಿನ ಜಾಗ ಮೂರಡಿ, ಪ್ಯಾಸೇಜು ಹದಿನೆಂಟು. ಎರಡೂವರೆ ಅಡಿ ಅಗಲದ ಕಂಬಳಿಗೆ ಸುಮಾರು 86 ಚದರಡಿ ಎಂದು ಲೆಕ್ಕ ಮುಗಿಯಿತು. ಚದರಡಿಗೆ ನೂರು ರೂಪಾಯಿಯೆಂದು ಹಿಡಿದರೆ 8,600. ಯಜಮಾನರ ಮುಖ ಅರಳಿತು.

ಲೆಕ್ಕದ ಚೀಟಿಯನ್ನು ನೋಡಿದ ಅವರ ಹೆಂಡತಿ, "ಕಂಬಳಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹಾರಿಕೊಂಡು ಹೋಗುತ್ತದೆಯೇನು?" ಎಂದರು. ಮೆಟ್ಟಿಲಿಗೆ ಅಗಲ ಮಾತ್ರವಲ್ಲ, ಎತ್ತರವೂ ಉಂಟು. ಪ್ರತಿಯೊಂದಕ್ಕೂ ಏಳು ಅಂಗುಲ ಸೇರಿಸಿದಾಗ ಮೆಟ್ಟಿಲ ಉದ್ದವೇ 22 ಅಡಿ 8 ಅಂಗುಲವಾಯಿತು. ಕತ್ತರಿಸುವಾಗ ಹಾಳಾಗುವ ತುಂಡುಗಳಿಗೆಂದು ಹತ್ತರಲ್ಲೊಂದು ಪಾಲನ್ನು ಕೂಡಿಸಿದಾಗ ಒಟ್ಟು 120 ಚದರಡಿ. 8,600 ರೂಪಾಯಿ ನೋಡುತ್ತಿರುವಂತೆಯೇ 12,000 ಆಯಿತು. ಕಂಬಳಿಯ ಕೆಳಗಿನ ಮೆತ್ತೆ, ಅದು ಜಾರದಂತೆ ಬಿಗಿಯುವ ಪಟ್ಟಿ, ಕೆಲಸಗಾರರ ಕೂಲಿ ಇವೆಲ್ಲ ಬೇರೆ.

ಸುದ್ದಿ ಬಂಧುಬಳಗಕ್ಕೆ ಮುಟ್ಟಲು ತಡವಾಗಲಿಲ್ಲ. ಪಿರಿಯಾಪಟ್ಟಣದ ಭಾವಮೈದುನ ತಂಬಾಕಿನ ಬೆಳೆಗಾರ. ಕರ್ನಾಟಕದಲ್ಲಿ 1984ರಲ್ಲಿ ತಂಬಾಕು ಮಂಡಳಿಯ ಹರಾಜು ಶುರುವಾದಂದಿನಿಂದ ಆ ಸೀಮೆಯ ಅನೇಕ ಮನೆಗಳ ದೊಡ್ಡ ಖರ್ಚುಗಳೆಲ್ಲ ಹರಾಜಿನ ದಿನವನ್ನೇ ಕಾಯುತ್ತವೆ. "ಹರಾಜು ಮುಗಿಯಲಿ ಭಾವ, ಅರ್ಧ ನಾನು ಕೊಡುತ್ತೇನೆ" ಎಂದ ಆತ. ಹೆಗ್ಗಡದೇವನಕೋಟೆಯ ಚಿಕ್ಕಪ್ಪನವರದು ಇನ್ನೊಂದು ಬಗೆ: "ನಮ್ಮ ಕಡೆ ಮಳೆ ಹಿಡಿದರೆ ಒಗೆದ ಪಂಚೆ ಮೂರು ದಿನ ಒಣಗುವುದಿಲ್ಲ. ಕಂಬಳಿ ಒದ್ದೆಯಾದರೆ ಅದರ ವಾಸನೆಗೆ ಮನೆಯವರೇ ಜಗಲಿಯಲ್ಲಿ ಮಲಗಬೇಕಾದೀತು." ಕೃಷ್ಣರಾಜನಗರದ ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ: "ಅದನ್ನು ಒರೆಸುವುದು ಹೇಗೆ?"

ಈ ಪ್ರಶ್ನೆಯಲ್ಲಿ ನಮ್ಮ ನಾಡಿನ ಮನೆವಾರ್ತೆಯೆಲ್ಲ ಅಡಗಿದೆ. ಪಾದರಕ್ಷೆಯನ್ನು ಬಾಗಿಲಲ್ಲೇ ಬಿಟ್ಟು ಬರಿಗಾಲಲ್ಲಿ ಒಳಗೆ ಬರುವ ಜನ ನಾವು. ಹಿಂದೆ ಸಗಣಿ ಸಾರಿಸಿದ ನೆಲ, ಆಮೇಲೆ ಕಾವಿಯ ನೆಲ, ಈಗ ಟೈಲ್ಸು. ದಿನವೂ ಒರೆಸಬಹುದಾದ ನೆಲವೇ ನಮಗೆ ನೆಲ. ಚಾಪೆಯಾಗಲಿ ನವಲಗುಂದದ ಜಮಖಾನೆಯಾಗಲಿ ಅತಿಥಿ ಬಂದಾಗ ಬಿಚ್ಚಿಕೊಂಡು, ಹೋದಮೇಲೆ ಸುರುಳಿಯಾಗಿ ಮೂಲೆ ಸೇರುತ್ತವೆ. ಮೆಟ್ಟಿಲಿಗೆ ಬಿಗಿದ ಕಂಬಳಿ ಅಲ್ಲೇ ಬಿದ್ದುಕೊಂಡು ಹೊಲದ ಕೆಮ್ಮಣ್ಣನ್ನೂ ಒಲೆಯ ಎಣ್ಣೆಹೊಗೆಯನ್ನೂ ಕುಡಿಯುತ್ತಿರುತ್ತದೆ. ಅದನ್ನು ದಿನವೂ ಗುಡಿಸುವ ಕೈಗಳ ಕೂಲಿ ಯಾವ ಅಂಗಡಿಯ ಬಿಲ್ಲಿನಲ್ಲಿಯೂ ಇರುವುದಿಲ್ಲ.

ಆದರೂ ಯಜಮಾನರು ಹಟ ಬಿಡಲಿಲ್ಲ. ಒಂದು ಭಾನುವಾರ ಗಂಡ ಹೆಂಡಿರು ಮಡಿಕೇರಿಯ ಹೆದ್ದಾರಿ ಹಿಡಿದು ಬೈಲಕುಪ್ಪೆಗೆ ಹೋದರು. ಕುಶಾಲನಗರಕ್ಕೆ ಮುನ್ನ ಸಿಗುವ ಈ ಊರು ಪಿರಿಯಾಪಟ್ಟಣ ತಾಲ್ಲೂಕಿಗೆ ಸೇರಿದ್ದು. 1960ರ ದಶಕದ ಆರಂಭದಲ್ಲಿ ಆಗಿನ ಮೈಸೂರು ಸರ್ಕಾರ ಕೊಟ್ಟ ಭೂಮಿಯಲ್ಲಿ ಟಿಬೆಟ್ಟಿನ ನಿರಾಶ್ರಿತರು ಕಾಡು ಕಡಿದು, ಜೋಳ ಬಿತ್ತಿ ನೆಲೆ ನಿಂತರು. ಬರುವಾಗ ಅವರು ಹೊತ್ತು ತಂದ ವಿದ್ಯೆಗಳಲ್ಲಿ ಕಂಬಳಿಯ ನೇಯ್ಗೆಯೂ ಒಂದು. ನಿಂತ ಮಗ್ಗದ ಹಾಸಿನ ಮುಂದೆ ಅಡ್ಡಲಾಗಿ ಸರಳೊಂದನ್ನಿಟ್ಟು, ಬಣ್ಣದ ಉಣ್ಣೆಯನ್ನು ಹಾಸಿಗೂ ಸರಳಿಗೂ ಸುತ್ತಿಕೊಂಡು ಹೋಗುತ್ತಾರೆ. ಸಾಲು ಮುಗಿದಮೇಲೆ ಸರಳಿನ ಗುಂಟ ಚಾಕು ಎಳೆದರೆ ಕುಣಿಕೆಗಳೆಲ್ಲ ಕತ್ತರಿಸಿ ಉಣ್ಣೆಯ ತುದಿಗಳು ಎದ್ದು ನಿಲ್ಲುತ್ತವೆ. ಒಂದು ಸಾಲಿನ ಮೇಲೊಂದು ಸಾಲು ಹೀಗೆಯೇ ಬೆಳೆಯಬೇಕು.

ಮೂರಡಿ ಅಗಲ ಆರಡಿ ಉದ್ದದ ಒಂದು ಕಂಬಳಿಯನ್ನು ಮುಟ್ಟಿ ನೋಡಿ, "ಇದನ್ನು ಮೆಟ್ಟಿಲಿಗೆ ಹಾಕಬಹುದೇ?" ಎಂದರು ಯಜಮಾನರು. ಮಾರುವ ಹೆಂಗಸು ನಕ್ಕು, ಅಚ್ಚಗನ್ನಡದಲ್ಲೇ ಉತ್ತರಕೊಟ್ಟಳು: "ಇದು ತುಳಿಯೋದಕ್ಕಲ್ಲ ಸಾರ್. ನಮ್ಮಲ್ಲಿ ಇದರ ಮೇಲೆ ಕೂರ್ತೀವಿ, ಮಲಗ್ತೀವಿ." ಟಿಬೆಟ್ಟಿನ ಚಳಿಯಲ್ಲಿ ಆ ಅಳತೆಯ ಕಂಬಳಿ ಹುಟ್ಟಿದ್ದೇ ಮನುಷ್ಯನ ಮೈಗೆ ಬೆಚ್ಚಗಿನ ಆಸನವಾಗಲೆಂದು. ದಂಪತಿಗಳು ಬರಿಗೈಯಲ್ಲಿ ಹಿಂತಿರುಗಿದರು.

ಅಂದು ಸಂಜೆ ಮತ್ತೆ ಟೇಪು ಹೊರಬಂದಿತು. ಮೊಮ್ಮಗ ಒಂದು ತುದಿ ಹಿಡಿದಿದ್ದ. ಕೆಳಗಿನ ಮೆಟ್ಟಿಲ ಬಳಿ ನಿಂತು ನೋಡುತ್ತಿದ್ದ ಮುದುಕಿ ತಾಯಿ ಮೆಲ್ಲನೆ ಕೇಳಿದರು: "ಏನಪ್ಪಾ, ಕೈಗೆ ಹಿಡಿದುಕೊಳ್ಳುವುದಕ್ಕೆ ಏನಾದರೂ ಹಾಕಿಸುತ್ತೀಯಾ?"

ಗೋಡೆಯ ಅಂದ ಕೆಡುತ್ತದೆಂದು ಆ ಕಡೆಗೆ ಕಂಬಿ ಹಾಕಿಸಿರಲಿಲ್ಲ. ಇನ್ನೊಂದು ಕಡೆ ಇದ್ದುದು ಗಾಜಿನ ತಡೆ. ನೋಟಕ್ಕೆ ಚೆಂದ, ಹಿಡಿತಕ್ಕಲ್ಲ. ಹೊಸಮನೆಗೆ ಬಂದಮೇಲೆ ಆಕೆ ಮಹಡಿ ಹತ್ತಿಯೇ ಇಲ್ಲವೆಂಬುದು ಎಲ್ಲರಿಗೂ ಆಗ ಹೊಳೆಯಿತು. ಸಂಡಿಗೆ ಒಣಗಿಸಲು, ತುಳಸಿಗೆ ನೀರೆರೆಯಲು ಸೊಸೆಯನ್ನೇ ಕಳಿಸುತ್ತಿದ್ದರು, ಮಂಡಿನೋವೆಂದು ಹೇಳುತ್ತಿದ್ದರು. ಮಂಡಿಗಿಂತ ಹೆಚ್ಚಾಗಿ ಅಡ್ಡ ಬಂದುದು ಆ ಹೊಳಪು.

ಸೊಸೆ ಚೀಟಿಯನ್ನು ತೆಗೆದುಕೊಂಡು ಮಗುಚಿ, ಹಿಂಬದಿಯಲ್ಲಿ ಹೊಸ ಪಟ್ಟಿ ಬರೆದರು. ಮೊದಲು ಗೋಡೆಯುದ್ದಕ್ಕೂ ಮರದ ಕಂಬಿ. ಎರಡನೆಯದು ಪ್ರತಿ ಮೆಟ್ಟಿಲಿನ ಅಂಚಿಗೆ ಜಾರದಂತೆ ಹಿಡಿಯುವ ಒರಟು ಪಟ್ಟಿ. ಮೂರನೆಯದು ತಿರುವಿನಲ್ಲೊಂದು ದೀಪ, ಅದರ ಗುಂಡಿ ಮೇಲೆಯೂ ಕೆಳಗೆಯೂ. ಪ್ಯಾಸೇಜಿಗೆ ಏನೂ ಬೇಡ; ಬಿಡಿಯಾಗಿ ಹಾಸಿದ ಕಂಬಳಿಯ ಮಡಿಕೆಗೆ ಮುದಿಗಾಲು ಎಡವೀತು. ಕೊನೆಯ ಸಾಲಿನಲ್ಲಿ ಬರೆದದ್ದು: ಅತ್ತೆಯವರ ಮಂಚಕ್ಕೆ ಬೈಲಕುಪ್ಪೆಯ ಕಂಬಳಿ ಒಂದು.

ಆಯವ್ಯಯವೆಂದರೆ ಅಂಕಿಗಳ ಕೂಡುಕಳೆ ಮಾತ್ರವೆಂದು ತಿಳಿಯುವುದುಂಟು. ಯಾರ ಕಣ್ಣಿಗಾಗಿ, ಯಾರ ಕಾಲಿಗಾಗಿ ಹಣ ಹೋಗುತ್ತಿದೆಯೆಂಬುದು ಅದರ ಮೊದಲ ಸಾಲಾಗಬೇಕು. ಬಂದುಹೋಗುವವರ ಕಣ್ಣು ವರ್ಷಕ್ಕೊಮ್ಮೆ ಮೆಟ್ಟಿಲ ಮೇಲೆ ಬೀಳುತ್ತದೆ. ಮನೆಯವರ ಕಾಲು ದಿನವೂ ಬೀಳುತ್ತದೆ.

ಕಂಬಿ ಬಿಗಿದ ಮರುದಿನ ಬೆಳಿಗ್ಗೆ ಮಹಡಿಯ ತುಳಸಿಗೆ ಯಾರೋ ಆಗಲೇ ನೀರೆರೆದಿದ್ದರು. ಯಾರೆಂದು ಕೇಳುವ ಅವಶ್ಯಕತೆ ಆ ಮನೆಯಲ್ಲಿ ಯಾರಿಗೂ ತೋರಲಿಲ್ಲ.