ಹಿಂದಿರುಗಿ ನೋಡುವ ಚಿಗರಿ

ಕೀರ್ತಿ ಎಂಬುದು ಮನುಷ್ಯರಿಗೆ ಮಾತ್ರ ಒಲಿಯುವ ಭಾಗ್ಯವಲ್ಲ. ಇಲಿಗೂ ಒಲಿದಿದೆ, ಬಾತುಕೋಳಿಗೂ ಒಲಿದಿದೆ. ಶಾಲೆಗಳು ತೆರೆಯುವ ಕಾಲದಲ್ಲಿ ಬಳ್ಳಾರಿಯ ಅಂಗಡಿಗಳ ಮುಂದೆ ತೂಗಹಾಕಿದ ಪುಸ್ತಕದ ಚೀಲಗಳನ್ನು ನೋಡಿದರೆ ಸಾಕು. ಮಿಕ್ಕಿ ಎಂಬ ಇಲಿ ಅವುಗಳ ಮೇಲೆ ಹಲ್ಲು ಬಿಟ್ಟು ನಿಂತಿರುತ್ತದೆ. ಮನೆಯ ಗೋಡೆಯ ಮೇಲಿನ ಮುತ್ತಜ್ಜನ ಪಟವನ್ನು ಗುರುತಿಸಲಾರದ ಹುಡುಗರೂ ಆ ಇಲಿಯನ್ನು ಅದರ ಕಿವಿಯ ನೆರಳು ಕಂಡೇ ಗುರುತಿಸಿಬಿಡುತ್ತಾರೆ. ಇದರಲ್ಲಿ ಹುಡುಗರ ತಪ್ಪೇನೂ ಇಲ್ಲ. ಮುತ್ತಜ್ಜನ ಪರವಾಗಿ ಪ್ರಚಾರ ಮಾಡುವ ಕಂಪನಿ ಯಾವುದೂ ಇಲ್ಲವಷ್ಟೆ.

ಈ ಇಲಿಗೆ ಒಬ್ಬ ಅಣ್ಣನಿದ್ದ ಸಂಗತಿ ಬಹಳ ಮಂದಿಗೆ ತಿಳಿಯದು. ಅವನು ಇಲಿಯಲ್ಲ, ಮೊಲ, ಹೆಸರು ಆಸ್ವಾಲ್ಡ್. ವಾಲ್ಟ್ ಡಿಸ್ನಿ ಮತ್ತು ಅವನ ಸಂಗಾತಿ ಅಬ್ ಐವರ್ಕ್ಸ್ 1927ರಲ್ಲಿ ಯೂನಿವರ್ಸಲ್ ಕಂಪನಿಗಾಗಿ ಅವನನ್ನು ಬರೆದರು. ಡಿಸ್ನಿಯ ಕೈಯಲ್ಲಿ ಅವನು 26 ಕಿರುಚಿತ್ರಗಳಲ್ಲಿ ಕುಣಿದ, ಜನ ನಕ್ಕರು. ಮರುವರ್ಷ ಡಿಸ್ನಿ ನಾಲ್ಕು ಕಾಸು ಹೆಚ್ಚು ಕೇಳೋಣವೆಂದು ನ್ಯೂಯಾರ್ಕಿಗೆ ಹೋದರೆ, ‘ಮೊಲ ನಿನ್ನದಲ್ಲಪ್ಪಾ, ಕರಾರನ್ನು ಓದಿಕೋ’ ಎಂಬರ್ಥದ ಉತ್ತರ ಸಿಕ್ಕಿತು. ಬರಿಗೈಯಲ್ಲಿ ಹಿಂದಿರುಗಿದವನು ಅದೇ 1928ರಲ್ಲಿ ಇಲಿಯನ್ನು ಹುಟ್ಟಿಸಿದ. ಇಲಿ ಲೋಕವನ್ನು ಗೆದ್ದಿತು. ಮೊಲ ಬೇರೆಯವರ ಕೈಯಲ್ಲಿ ಕೆಲವು ಕಾಲ ಕುಣಿದು ಮೂಲೆಗೆ ಬಿದ್ದಿತು. ಆದರೆ ಅದರ ಜಾತಕದಲ್ಲಿ ಮರಳಿ ಬರುವ ಯೋಗವಿತ್ತು. 2006ರಲ್ಲಿ ಡಿಸ್ನಿ ಸಂಸ್ಥೆಯು ಆಲ್ ಮೈಕೇಲ್ಸ್ ಎಂಬ ಪ್ರಸಿದ್ಧ ಕ್ರೀಡಾ ವಿವರಣೆಕಾರರನ್ನು ಬೇರೊಂದು ವಾಹಿನಿಗೆ ಬಿಟ್ಟುಕೊಟ್ಟು, ಬದಲಿಗೆ ಆಸ್ವಾಲ್ಡನನ್ನು ಪಡೆದುಕೊಂಡಿತು. ಮನುಷ್ಯನನ್ನು ಕೊಟ್ಟು ಮೊಲವನ್ನು ತಂದ ವ್ಯವಹಾರ! 78 ವರ್ಷಗಳ ಅಜ್ಞಾತವಾಸದ ಮೇಲೆ ಮೊಲ ಮನೆಗೆ ಬಂದದ್ದು ಯಾರದೋ ಕಪಾಟಿನಲ್ಲಿ ಅದರ ಹೆಸರಿನ ಕಾಗದವೊಂದು ಉಳಿದಿದ್ದುದರಿಂದ.

ಈ ಕಥೆಯನ್ನು ಓದಿದ ದಿನದಿಂದ ನನ್ನ ಮನಸ್ಸು ನಮ್ಮ ಸೀಮೆಯ ಒಂದು ಚಿಗರಿಯ ಕಡೆಗೇ ಹರಿಯುತ್ತಿದೆ. ಬೆಂಗಳೂರಿನವರು ಜಿಂಕೆ ಎಂದರೆ ನಾವು ಚಿಗರಿ ಎನ್ನುತ್ತೇವೆ. ಈ ಚಿಗರಿಯೂ ಪರದೆಯ ಮೇಲೆ ಓಡುತ್ತಿತ್ತು, ಮೇಯುತ್ತಿತ್ತು, ನೋಡುವವರ ಎದೆ ಹಾರಿಸುತ್ತಿತ್ತು. ಬಣ್ಣವಿತ್ತು, ಬೆಳಕಿತ್ತು, ಮಾತಿತ್ತು, ಹಾಡಿತ್ತು. ಸಿನಿಮಾ ಹುಟ್ಟುವುದಕ್ಕೆ ಎಷ್ಟೋ ತಲೆಮಾರುಗಳ ಮೊದಲೇ ಇದ್ದ ನಮ್ಮ ಕಾರ್ಟೂನು ಪ್ರಾಣಿ ಅದು. ಆದರೆ ಅದಕ್ಕೆ ಕರ್ತೃವಿನ ಹೆಸರಿಲ್ಲ, ಕರಾರಿಲ್ಲ, ಕಾಗದವಿಲ್ಲ. ಅದು ತೊಗಲುಬೊಂಬೆಯವರ ಮಾಯಾಮೃಗ. ಸೀತೆ ಬೇಕೆಂದು ಬೇಡಿದ, ರಾಮ ಬೆನ್ನಟ್ಟಿದ ಹೊನ್ನ ಜಿಂಕೆ, ಅರ್ಥಾತ್ ಮಾರೀಚ.

ನಾನು ಅದನ್ನು ಮೊದಲು ಕಂಡದ್ದು ಸಿರುಗುಪ್ಪದಲ್ಲಿ. ತುಂಗಭದ್ರೆಯ ಕಾಲುವೆಯ ನೀರು ಬಂದು ಎರೆಹೊಲಗಳು ಒಂದೊಂದಾಗಿ ಭತ್ತದ ಗದ್ದೆಗಳಾಗುತ್ತಿದ್ದ ಕಾಲ. ಸುಗ್ಗಿ ಮುಗಿದ ಮೇಲೆ ಬೊಂಬೆಯವರ ಬಂಡಿ ಬರುತ್ತಿತ್ತು. ಕಿಳ್ಳೇಕ್ಯಾತರು ಅಥವಾ ಶಿಳ್ಳೇಕ್ಯಾತರು ಎಂದು ಕರೆಯಿಸಿಕೊಳ್ಳುವ ಈ ಜನ ಮನೆಯಲ್ಲಿ ಮರಾಠಿಗೆ ಹತ್ತಿರದ ಒಂದು ಮಾತನ್ನಾಡಿ, ಪರದೆಯ ಹಿಂದೆ ಮಾತ್ರ ಅಚ್ಚಗನ್ನಡದಲ್ಲಿ ರಾಮಾಯಣ ಹಾಡುತ್ತಿದ್ದರು. ಮಳೆ ಹಿಂದಾದ ವರ್ಷಗಳಲ್ಲಿ ಊರವರೇ ಹೇಳಿಕಳುಹಿಸಿ ಆಟ ಆಡಿಸುವುದೂ ಉಂಟು. ಬೊಂಬೆ ಕುಣಿದರೆ ಮೋಡ ಕದಲುತ್ತದೆಂದು ನಂಬಿಕೆ. ಬಿಳಿಯ ಪರದೆ ಕಟ್ಟಿ, ಹಿಂದೆ ದೀಪವಿಟ್ಟರೆ ರಂಗಮಂದಿರ ಸಿದ್ಧ. ಮೊದಲು ಕಿಳ್ಳೇಕ್ಯಾತನೂ ಬಂಗಾರಕ್ಕನೂ ಬಂದು ಊರ ದೊಡ್ಡವರನ್ನೆಲ್ಲ ಗೇಲಿ ಮಾಡಿ ನಗಿಸುತ್ತಿದ್ದರು. ನಿಂದೆ ಸಿಕ್ಕಿದವರೂ ನಗಲೇಬೇಕಾದ ಒಂದೇ ಸಭೆ ಅದು.

ಪಂಚವಟಿಯ ಪ್ರಸಂಗ ಬರುವ ಹೊತ್ತಿಗೆ ನಡುರಾತ್ರಿ ದಾಟಿರುತ್ತಿತ್ತು. ಅರ್ಧ ಜನ ಕಂಬಳಿಯೊಳಗೆ ನಿದ್ದೆ. ಆಗ ಪರದೆಯ ಬಲತುದಿಯಲ್ಲಿ ಚಿಗರಿ ಬಂದು ನಿಲ್ಲುತ್ತಿತ್ತು. ರಾಮ, ಲಕ್ಷ್ಮಣ, ರಾವಣರೆಲ್ಲ ಭಾರಿ ಬೊಂಬೆಗಳು. ಕೈ ಎತ್ತುವುದು, ತೂಗಾಡುವುದು, ಇಷ್ಟೇ ಅವರ ಚಲನೆ. ಚಿಗರಿ ಹಾಗಲ್ಲ. ಅದರ ಕುತ್ತಿಗೆಯನ್ನು ಬೇರೆ ತುಂಡಾಗಿ ಕತ್ತರಿಸಿ ದಾರದ ಗಂಟಿನಿಂದ ಮೈಗೆ ಸೇರಿಸಿದ್ದರು. ಮೈಗೊಂದು ಕಡ್ಡಿ, ತಲೆಗೊಂದು ಕಡ್ಡಿ. ಅದು ತಲೆ ಬಗ್ಗಿಸಿ ಹುಲ್ಲು ಮೇಯುತ್ತಿತ್ತು. ಕಿವಿಗೆ ಏನೋ ಬಿದ್ದಂತೆ ಥಟ್ಟನೆ ತಲೆ ಎತ್ತುತ್ತಿತ್ತು. ನಾಲ್ಕು ನೆಗೆತ ನೆಗೆದು, ನಿಂತು, ಹಿಂದಿರುಗಿ ರಾಮನನ್ನು ನೋಡುತ್ತಿತ್ತು. ಆ ಒಂದು ನೋಟಕ್ಕೆ ಮಲಗಿದ್ದವರೆಲ್ಲ ಎದ್ದು ಕುಳಿತುಬಿಡುತ್ತಿದ್ದರು. ಕಾಳಿದಾಸನು ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಓಡಿಸಿದ ಜಿಂಕೆಯೂ ಹೀಗೆಯೇ ಕೊರಳನ್ನು ತಿರುಗಿಸಿ ನೋಡುತ್ತದೆ ಎಂದು ಓದಿದ್ದು ಕಾಲೇಜಿಗೆ ಬಂದ ಮೇಲೆ. ಕಾಳಿದಾಸನನ್ನು ಓದದ ಬೊಂಬೆಯವನಿಗೆ ಅದು ಹೇಗೆ ತಿಳಿದಿತ್ತು? ಅವನೂ ಕವಿಯಂತೆ ಜಿಂಕೆಯನ್ನೇ ನೋಡಿದ್ದ, ಅಷ್ಟೆ.

ಬೊಂಬೆ ಮಾಡುವ ಬಗೆಯೂ ಸೋಜಿಗದ್ದು. ಆಡಿನ ಚರ್ಮವನ್ನು ನೆನೆಹಾಕಿ, ಕೂದಲು ಹೆರೆದು, ಬೆಳಕು ಹಾಯುವಷ್ಟು ತೆಳುವು ಮಾಡಿ, ಬಿಗಿದು ಒಣಗಿಸಿ, ರೂಪು ಬರೆದು ಕತ್ತರಿಸಿ ಬಣ್ಣ ಹಚ್ಚುತ್ತಾರೆ. ಸಣ್ಣ ಉಳಿಗಳಿಂದ ತೂತು ಕೊರೆಯುವುದು ಇದರ ನಿಜವಾದ ಕುಶಲತೆ. ಚಿಗರಿಯ ಮೈಮೇಲಿನ ಚುಕ್ಕೆಗಳು ಬಣ್ಣದ ಚುಕ್ಕೆಗಳಲ್ಲ, ತೂತುಗಳು. ಹಿಂದಿನ ದೀಪವೇ ಅವುಗಳೊಳಗಿಂದ ಇಣುಕಿ ಹೊನ್ನಾಗುತ್ತದೆ. ಬೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಚಿತ್ರ ಸ್ಪಷ್ಟ. ದೀಪದ ಕಡೆಗೆ ಸರಿಸಿದರೆ ಅದು ಹಿಗ್ಗಿ, ಮಸುಕಾಗಿ, ಕರಗಿಹೋಗುತ್ತದೆ. ಮಾಯಾಮೃಗ ಮಾಯವಾಗುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವನ್ನು ಯಾವ ಸ್ಟುಡಿಯೋ ಕಂಡುಹಿಡಿದೀತು?

ಸ್ಟುಡಿಯೋದವರ ಶ್ರಮವನ್ನು ನಾನು ಹಗುರಾಗಿ ಎಣಿಸುವುದಿಲ್ಲ. ವಿನ್ಸರ್ ಮೆಕೇ ಎಂಬ ಅಮೆರಿಕದ ಚಿತ್ರಕಾರ 1914ರಲ್ಲಿ ಗರ್ಟೀ ಎಂಬ ಡೈನೊಸಾರನ್ನು ಕುಣಿಸುವುದಕ್ಕೆ ಸಾವಿರಾರು ಚಿತ್ರಗಳನ್ನು ಬರೆದ. ತಾನೇ ಚಾವಟಿ ಹಿಡಿದು ಪರದೆಯ ಪಕ್ಕದಲ್ಲಿ ನಿಂತು ಅದಕ್ಕೆ ಅಪ್ಪಣೆ ಕೊಡುತ್ತಿದ್ದ. ಗದರಿದರೆ ಅದು ಅಳುತ್ತಿತ್ತು. 1942ರಲ್ಲಿ ಡಿಸ್ನಿಯವರು ‘ಬ್ಯಾಂಬಿ’ ಎಂಬ ಜಿಂಕೆಮರಿಯ ಚಿತ್ರವನ್ನು ಹೊರತಂದರು. ಅದಕ್ಕಾಗಿ ಎರಡು ಜೀವಂತ ಮರಿಗಳನ್ನೇ ಸ್ಟುಡಿಯೋದಲ್ಲಿ ಸಾಕಿ, ಅವುಗಳ ನಡಿಗೆಯನ್ನು ನೋಡಿ ನೋಡಿ ಬರೆದರಂತೆ. ನಮ್ಮವರಿಗೆ ಆ ಖರ್ಚಿರಲಿಲ್ಲ. ಸಿರುಗುಪ್ಪದ ಎರೆಯಲ್ಲಿ ಚಿಗರಿಗಳು ತಾವಾಗಿಯೇ ಬಂದು ಕಡಲೆ ಮೇಯ್ದು, ರೈತ ಕೂಗಿದೊಡನೆ ನೆಗೆದೋಡಿ, ಹಿಂದಿರುಗಿ ನೋಡಿ ಹೋಗುತ್ತಿದ್ದುವು.

ಈ ಎರಡು ಜಿಂಕೆಗಳ ನಡುವೆ ಮೂರನೆಯದೊಂದು ಇದೆ. ಅದನ್ನು ನಾನು ಕಂಡದ್ದು ಬಳ್ಳಾರಿಯ ಒಂದು ಟಾಕೀಸಿನಲ್ಲಿ. ಆಗ ಎಲ್ಲ ಸಿನಿಮಾಗಳ ಮೊದಲೂ ಫಿಲಂಸ್ ಡಿವಿಷನ್ನಿನ ಚಿತ್ರವನ್ನು ತೋರಿಸುವುದು ಕಡ್ಡಾಯವಾಗಿತ್ತು. ಪ್ರೇಕ್ಷಕರು ಆ ಸಮಯವನ್ನು ಬೀಡಿ ಸೇದುವುದಕ್ಕೆ ಉಪಯೋಗಿಸುತ್ತಿದ್ದರು. ‘ಬ್ಯಾಂಬಿ’ಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ ಎಂಬಾತ 1956ರಲ್ಲಿ ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯಲ್ಲಿ ಮುಂಬಯಿಗೆ ಬಂದು ಫಿಲಂಸ್ ಡಿವಿಷನ್ನಿನಲ್ಲಿ ನಮ್ಮವರಿಗೆ ಈ ವಿದ್ಯೆಯನ್ನು ಕಲಿಸಿದ. ಅದರ ಮೊದಲ ಫಲವೇ 1957ರ ‘ದಿ ಬ್ಯಾನಿಯನ್ ಡೀರ್’. ಜಾತಕದ ಕಥೆ: ಕಾಶಿಯ ಅರಸನ ಅಡುಗೆಗೆ ದಿನಕ್ಕೊಂದು ಜಿಂಕೆ ಸರದಿಯಂತೆ ಹೋಗಬೇಕು. ಒಂದು ದಿನ ಬಸುರಿ ಜಿಂಕೆಯ ಸರದಿ. ಅವಳ ಬದಲು ಹಿಂಡಿನ ಒಡೆಯನೇ ಬಂದು ಕೊರಳೊಡ್ಡುತ್ತಾನೆ. ಅರಸನ ಮನಸ್ಸು ಕರಗಿ ಎಲ್ಲ ಜಿಂಕೆಗಳಿಗೂ ಅಭಯ ಸಿಗುತ್ತದೆ. ಬೀಡಿ ಸೇದಲು ಎದ್ದವರೂ ಕುಳಿತು ನೋಡಿದರು. ನನಗೆ ಮಾತ್ರ, ನಮ್ಮೂರಿನ ಪರದೆಯ ಮೇಲೆ ವರ್ಷವರ್ಷವೂ ಸಾಯುವ ಚಿಗರಿಗೆ ಇಲ್ಲಿ ಕೊನೆಗೂ ಜೀವದಾನ ಸಿಕ್ಕಿತೆಂದು ಅನ್ನಿಸಿತು.

ಆದರೆ ಆ ಅಭಯ ಎಷ್ಟು ಕಾಲದ್ದು? ಬ್ಯಾಂಬಿಯನ್ನು ಇಂದಿನ ಮಕ್ಕಳೂ ಬಲ್ಲರು. ಆಲದ ಜಿಂಕೆಯನ್ನು ಬಲ್ಲವರನ್ನು ನಾನು ಬಳ್ಳಾರಿಯಲ್ಲಿ ಹುಡುಕಿದರೆ ಇಬ್ಬರು ಸಿಕ್ಕಾರು. ಫಿಲಂಸ್ ಡಿವಿಷನ್ ಕೂಡ 2022ರಲ್ಲಿ ಇನ್ನೊಂದು ನಿಗಮದಲ್ಲಿ ಲೀನವಾಯಿತು. ಇನ್ನು ತೊಗಲಿನ ಚಿಗರಿಯ ಗತಿಯನ್ನು ಹೇಳುವುದೇನು! ಬೊಂಬೆ ಹಳತಾಗಿ ಮುರುಟಿಕೊಂಡರೆ ಅದನ್ನು ಕಸಕ್ಕೆ ಎಸೆಯುವುದಿಲ್ಲ. ಪೂಜೆ ಮಾಡಿ ಹೊಳೆಗೆ ಬಿಡುತ್ತಾರೆ. ಹೀಗೆ ಎಷ್ಟು ಚಿಗರಿಗಳು ಸಿರುಗುಪ್ಪದ ಹೊಳೆಯಲ್ಲಿ ತೇಲಿಹೋದುವೋ! ಮೊದಲು ಹೊಸ ಬೊಂಬೆ ಕಡೆದು ಹಳತನ್ನು ಬಿಡುತ್ತಿದ್ದರು. ಆಮೇಲೆ ಹೊಸತು ಕಡೆಯುವವರು ಕಡಿಮೆಯಾದರು.

ಪೂರ್ತಿ ಅಳಿಯಿತು ಎಂದರೆ ಸುಳ್ಳಾದೀತು. ಪ್ರೊ. ಎಂ. ಎಸ್. ನಂಜುಂಡರಾಯರು ಊರೂರು ತಿರುಗಿ ಬೊಂಬೆಗಳನ್ನು ಕೂಡಿಸಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಉಳಿಸಿದರು. ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು, 2023ರಲ್ಲಿ ತೀರಿಕೊಳ್ಳುವವರೆಗೂ, ರಾಮಾಯಣದ ಜೊತೆಗೆ ಗಾಂಧೀಜಿಯವರ ಬದುಕನ್ನೂ ತೊಗಲುಬೊಂಬೆಗಳಲ್ಲಿ ಆಡಿಸಿದರು. ಪಕ್ಕದ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ಶಿಳ್ಳೇಕ್ಯಾತರಿಗೆ 2025ರಲ್ಲಿ, 96ರ ವಯಸ್ಸಿನಲ್ಲಿ, ಪದ್ಮಶ್ರೀ ಬಂದಿತು. ಗಡಿಯಾಚೆ ಆಂಧ್ರದ ನಿಮ್ಮಲಕುಂಟೆಯಲ್ಲಿ ಬೊಂಬೆಯವರು ದೀಪದ ಬುರುಡೆಗಳನ್ನು ಮಾಡಿ ಜೀವನ ಸಾಗಿಸುತ್ತಿದ್ದಾರೆ. ಅವುಗಳ ಮೇಲೆಯೂ ಜಿಂಕೆಗಳಿವೆ, ಒಳಗೆ ಬೆಳಕೂ ಇದೆ. ಆದರೆ ಆ ಜಿಂಕೆ ಓಡುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿರುವುದೂ ಓಡುವುದಿಲ್ಲ. ಹೊಟ್ಟೆಯ ಪಾಡಿಗೆ ಅವರು ಮಾಡಿದ್ದು ಸರಿ, ಉಳಿಸಬೇಕೆಂದು ಇವರು ಮಾಡಿದ್ದೂ ಸರಿ. ಆದರೂ ಚಿಗರಿ ನಿಂತೇ ಇದೆ.

ಈಚೆಗೆ ಕುರುಗೋಡಿಗೆ ಹೋಗುವ ಸಂದರ್ಭ ಬಂದಿತು. ಅಲ್ಲಿನ ದೊಡ್ಡಬಸವೇಶ್ವರನನ್ನು ಓದುಗರು ಕಂಡಿರಬಹುದು. ಒಂದೇ ಕಲ್ಲಿನಲ್ಲಿ ಕಡೆದ ಬೃಹತ್ ಬಸವಣ್ಣ. ಶತಮಾನಗಳಿಂದ ಕೂತಲ್ಲೇ ಕೂತಿದ್ದಾನೆ. ಅಲುಗದಿರುವುದೇ ಅವನ ಮಹಿಮೆ. ಕೈಮುಗಿದು ಹೊರಗೆ ಬಂದಾಗ ಪರಿಚಿತರೊಬ್ಬರು, ಬೊಂಬೆಯಾಟದ ಹಳಬರೊಬ್ಬರು ನೆಂಟರ ಮನೆಗೆ ಬಂದಿದ್ದಾರೆಂದು ಅಲ್ಲಿಗೆ ಕರೆದೊಯ್ದರು. ಅಜ್ಜ ಬಿದಿರಿನ ಪೆಟ್ಟಿಗೆಯನ್ನು ಬಿಚ್ಚಿ, ಬೊಂಬೆಗಳನ್ನು ಒಂದೊಂದಾಗಿ ಕಣ್ಣಿಗೊತ್ತಿ ಹೊರಗಿಟ್ಟರು. ನಡುವೆ ಚಿಗರಿ ಇತ್ತು. ಬಣ್ಣ ಮಾಸಿತ್ತು, ಒಂದು ಕಿವಿ ಹರಿದಿತ್ತು. ಕುತ್ತಿಗೆಯ ಗಂಟು ಮಾತ್ರ ಹೊಸ ದಾರದ್ದು.

ನಮ್ಮ ಜೊತೆಯಲ್ಲಿ ಬಂದಿದ್ದ ಒಬ್ಬ ಯುವಕನಿಗೆ ಅದರ ಮೇಲೆ ಆಸೆಯಾಯಿತು. ಚೌಕಟ್ಟು ಹಾಕಿಸಿ ಮನೆಯಲ್ಲಿ ತೂಗಹಾಕಬೇಕೆಂದು ಅವನ ಇಚ್ಛೆ. ಒಳ್ಳೆಯ ಹುಡುಗ, ಬೆಲೆಯನ್ನೂ ಧಾರಾಳವಾಗಿಯೇ ಹೇಳಿದ. ಅಜ್ಜ ತಲೆಯಾಡಿಸಿದರು. ಅವನು ಬೆಲೆಯನ್ನು ಇಮ್ಮಡಿ ಮಾಡಿದ. ಮನೆಯ ಸೊಸೆ ಬಾಗಿಲಲ್ಲಿ ನಿಂತು ಮಾವನ ಮುಖವನ್ನೇ ನೋಡುತ್ತಿದ್ದಳು. ಆ ಮನೆಗೆ ಆ ಹಣ ಬೇಡವಾಗಿರಲಿಲ್ಲವೆಂಬುದು ಗೋಡೆಗಳನ್ನು ಕಂಡರೇ ತಿಳಿಯುತ್ತಿತ್ತು. ಯಾರೂ ಮಾತಾಡಲಿಲ್ಲ. ಕೊನೆಗೆ ಅಜ್ಜ, “ಬ್ಯಾರೆ ಯಾವುದಾರ ಕೇಳಪಾ, ಕೊಡೋಣ. ರಾವಣನ್ನ ಬೇಕಾದ್ರೂ ಒಯ್ಯಿ. ಇದನ್ನ ಕೊಟ್ಟರೆ ನಮ್ಮ ರಾಮದೇವರು ಯಾರ ಬೆನ್ನು ಹತ್ತಬೇಕು?” ಎಂದರು.

“ಈಗ ಆಟ ಆಡುತ್ತೀರೇನಜ್ಜಾ?” ಎಂದು ಕೇಳಿದೆ.

“ಕರದ್ರ ಆಡ್ತೀವ್ರೀ. ಕರೀಬೇಕಲ್ಲ.”

ನನಗೆ ಆ ಮೊಲದ ನೆನಪಾಯಿತು. ಅದು ಮನೆಗೆ ಮರಳಿದ್ದು ಒಡೆಯನ ಕಾಗದದ ಬಲದಿಂದ. ಈ ಚಿಗರಿಗೆ ಒಡೆಯನಿಲ್ಲವೆಂದು ಇಷ್ಟು ದಿನ ಮರುಗುತ್ತಿದ್ದೆ. ಅಜ್ಜನ ಮಾತನ್ನು ಕೇಳಿದ ಮೇಲೆ ಆ ಮರುಕ ಬೇರೆ ಕಡೆಗೆ ತಿರುಗಿತು. ಅವರು ತಮ್ಮನ್ನು ಚಿಗರಿಯ ಒಡೆಯರೆಂದು ತಿಳಿದಿರಲೇ ಇಲ್ಲ. ಅದಕ್ಕೊಂದು ಕೆಲಸವಿದೆ, ಅದು ಕೆಲಸಕ್ಕೆ ಬರುವವರೆಗೆ ಕಾಯುವುದು ತಮ್ಮ ಪಾಲಿಗೆ ಬಿದ್ದಿದೆ, ಇಷ್ಟೇ ಅವರ ಲೆಕ್ಕ. ಅದು ಓಡದಿದ್ದರೆ ರಾಮ ಆಶ್ರಮವನ್ನು ಬಿಟ್ಟು ಕದಲುವುದಿಲ್ಲ, ಸೀತೆ ಒಂಟಿಯಾಗುವುದಿಲ್ಲ, ನಮ್ಮ ಹಂಪೆಯ ಆಸುಪಾಸಿನ ಕಿಷ್ಕಿಂಧೆಗೆ ಯಾರೂ ಬರುವುದಿಲ್ಲ. ಇಡೀ ರಾಮಾಯಣ ಆ ಎರಡು ಕಡ್ಡಿಗಳ ಮೇಲೆ ನಿಂತಿದೆ.

ಕುರುಗೋಡಿನಿಂದ ಬಂದ ಮೇಲೆ ನಮ್ಮ ಬಡಾವಣೆಯ ನಾಲ್ಕಾರು ಮನೆಯವರು ಸೇರಿ ಒಂದು ರಾತ್ರಿಯ ಆಟಕ್ಕೆ ವೀಳ್ಯ ಕೊಟ್ಟು ಬಂದಿದ್ದೇವೆ. ಬೆಳತನಕ ಕುಳಿತುಕೊಳ್ಳುವವರು ಎಷ್ಟು ಮಂದಿಯೋ, ಮಕ್ಕಳು ಎಚ್ಚರವಾಗಿರುತ್ತಾರೋ ಇಲ್ಲವೋ ಎಂದು ಕೆಲವರಿಗೆ ಸಂಶಯ. ನನಗೆ ಆ ಸಂಶಯವಿಲ್ಲ. ಮೊದಲು ನಿದ್ದೆ ಮಾಡಿದರೂ ಚಿಂತೆಯಿಲ್ಲ. ಚಿಗರಿ ಬರುವ ಹೊತ್ತಿಗೆ ಎಬ್ಬಿಸಿದರಾಯಿತು.